ಜವಾರಿ ಕೋಳಿ ಉಳಿಯಲಿ

ಬೆಲ್ಲದ ಬಾಗೇವಾಡಿ ಸೀಮೆಯ ಹಿತ್ತಲಲ್ಲಿ ಕೆದರಿ ಮೇಯುವ ಜವಾರಿ ಕೋಳಿಯನ್ನು ಮೊಟ್ಟೆ ಕಡಿಮೆ ಎಂದು ಕೈಬಿಡುವುದು ಸಲ್ಲದು. ಬೋಳು ಕುತ್ತಿಗೆ, ತಿರುಚಿದ ಗರಿ, ತಾನೇ ಕಾವಿಗೆ ಕೂತು ಮರಿ ಮಾಡುವ ಗುಣ, ಇವೆಲ್ಲ ವಂಶವಾಹಿಗಳ ಆಸ್ತಿ. ಕುತ್ತಿಗೆ ಬೋಳಾಗಿಸುವ ವಂಶವಾಹಿ ಮೈಗರಿಯನ್ನೂ ತಗ್ಗಿಸುವುದರಿಂದ ಮೈಬಿಸಿ ಬೇಗ ಹೊರಹೋಗುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗೆ ಬೇಕಾದದ್ದೇ ಅದು. ಬಿಳಿ ಲೆಗ್‌ಹಾರ್ನ್ ಕೋಳಿ ವರ್ಷಕ್ಕೆ 300ರಷ್ಟು ಮೊಟ್ಟೆ ಇಟ್ಟರೂ ಕಾವು ಕೂರುವ ಗುಣವನ್ನು ಬಹುಮಟ್ಟಿಗೆ ಕಳೆದುಕೊಂಡಿದೆ. ನಮ್ಮ ನೆಲದ ವಂಶವಾಹಿಗಳ ಬೆಲೆಗೆ ಇನ್ನೊಂದು ಸಾಕ್ಷಿ ಇದೆ: ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿಯಾದರೂ, ಹಳದಿ ಚರ್ಮದ ವಂಶವಾಹಿ ಬಂದದ್ದು ನಮ್ಮ ಸಹ್ಯಾದ್ರಿಯಲ್ಲೂ ಕೂಗುವ ಬೂದು ಕಾಡುಕೋಳಿಯಿಂದ ಎಂದು 2008ರ ಸಂಶೋಧನೆ ತೋರಿಸಿತು. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ಎಂಬ ಸುಧಾರಿತ ಕೋಳಿ ರೈತರ ಆದಾಯ ಹೆಚ್ಚಿಸಿದೆ, ನಿಜ. ಆದರೆ ಸುಧಾರಿತ ಹುಂಜವೇ ಎಲ್ಲೆಡೆ ಬೆರೆತರೆ ಹಳೆಯ ಗುಣಗಳು ಕರಗುತ್ತವೆ. ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ಅಸೀಲ್, ಕಡಕ್‌ನಾಥ್‌ಗಳನ್ನು ತಳಿಗಳೆಂದು ನೋಂದಾಯಿಸಿದೆ. ಹೆಸರಿಲ್ಲದ ಊರ ಜವಾರಿಗೂ ಗಣತಿ, ಗುಣಪರೀಕ್ಷೆ ಬೇಕು. ಪ್ರತಿ ಓಣಿಯಲ್ಲೂ ಒಂದೆರಡು ಮನೆಯವರಾದರೂ ಒಳ್ಳೆಯ ಜವಾರಿ ಹುಂಜವನ್ನು ಮಾರದೆ ಉಳಿಸಿಕೊಳ್ಳಲಿ. ರಕ್ತಸಂಬಂಧದ ಕೂಡಿಕೆ ತಪ್ಪಿಸಲು ಪಕ್ಕದೂರಿನವರೊಂದಿಗೆ ಹುಂಜಗಳನ್ನು ಅದಲುಬದಲು ಮಾಡಿಕೊಳ್ಳಲಿ.