ನಲ್ವತ್ತು ದಾಟಿದವರ ಪಾಠ

ಮದ್ರಸದಲ್ಲಿ ತಂದೆ-ತಾಯಿಯ ಹಕ್ಕಿನ ಬಗ್ಗೆ ಪಾಠ ಮಾಡಲು ಶುರು ಮಾಡಿ ಇಪ್ಪತ್ತು ವರ್ಷ ದಾಟಿತು. ಅವರ ಮುಂದೆ ಬೇಸರದ ಒಂದು 'ಛೆ' ಕೂಡಾ ಬಾಯಿಂದ ಬರಬಾರದು ಎಂದು ಸಾವಿರ ಸಲ ಹೇಳಿಕೊಟ್ಟಿದ್ದೇನೆ. ಆದರೆ ಆ ಪಾಠ ನನಗೇ ತಲುಪಿದ್ದು ಕಳೆದ ಮಳೆಗಾಲದಲ್ಲಿ.

ಸಣ್ಣ ಮಗಳಿಗೆ ಜ್ವರ. ಪತ್ನಿ ಮತ್ತು ನಾನು ರಾತ್ರಿಯಿಡೀ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂತಿದ್ದೆವು. ಸುಬ್ಹಿ ಬಾಂಗ್ ಹೊತ್ತಿಗೆ ಜ್ವರ ಇಳಿಯಿತು. ಆಗ ಉಮ್ಮನ ನೆನಪಾಯಿತು. ನಾವು ಐದು ಮಕ್ಕಳು. ಹೀಗೆ ಎಷ್ಟು ರಾತ್ರಿ ನಿದ್ದೆಗೆಟ್ಟಿರಬಹುದು? ಬೆಳಗಾದರೆ ಮತ್ತೆ ಮಡಿಲಲ್ಲಿ ತಡ್ಪೆ ಇಟ್ಟು ಬೀಡಿ ಕಟ್ಟಲು ಕೂರುತ್ತಿದ್ದರು. ಬಾಪ ನಸುಕಿನಲ್ಲೇ ಸೈಕಲ್ ತುಳಿದು ದಕ್ಕೆಗೆ ಹೋಗಿ ಮೀನು ತಂದು ಮಾರುತ್ತಿದ್ದರು. ನಮ್ಮ ಪುಸ್ತಕ, ಪೆರ್ನಾಲಿನ ಬಟ್ಟೆ ಎಲ್ಲವೂ ಅದರಿಂದಲೇ. ಕಣ್ಣು ತುಂಬಿತು.

ಅದೇ ಮಧ್ಯಾಹ್ನ ಉಮ್ಮ ಮೂರನೇ ಸಲ "ಸಣ್ಣವಳು ಗಂಜಿ ಕುಡಿದಳಾ?" ಎಂದು ಕೇಳಿದರು. ನಿದ್ದೆಗೆಟ್ಟ ಸಿಟ್ಟಿನಲ್ಲಿ "ಎಷ್ಟು ಸಲ ಹೇಳುವುದು ಉಮ್ಮಾ?" ಎಂದುಬಿಟ್ಟೆ. ಉಮ್ಮ ಸುಮ್ಮನಾದರು.

ಎರಡು ದಿನ ಕಳೆದು, ಹತ್ತು ವರ್ಷದ ಮಗ ಅಡುಗೆಮನೆಯಲ್ಲಿ ತನ್ನ ತಾಯಿಗೆ ಅದೇ ಮಾತನ್ನು, ಅದೇ ಸ್ವರದಲ್ಲಿ ಹೇಳುವುದು ಕೇಳಿಸಿತು. ಗದರಿಸಲು ಎದ್ದವನು ಅಲ್ಲೇ ಕೂತೆ. ಅವನಿಗೆ ಅದನ್ನು ಕಲಿಸಿದ ಉಸ್ತಾದ್ ನಾನೇ.

ಸೂರಾ ಅಹ್ಕಾಫ್‌ನ 15ನೇ ಆಯತ್ ತಾಯಿ ಕಷ್ಟಪಟ್ಟು ಹೊತ್ತು ಹೆತ್ತದ್ದನ್ನು, ಹಾಲು ಬಿಡಿಸುವವರೆಗಿನ 30 ತಿಂಗಳನ್ನು ನೆನಪಿಸುತ್ತದೆ. ಆಮೇಲೆ ಮನುಷ್ಯ 40 ವರ್ಷಕ್ಕೆ ತಲುಪಿದಾಗ ಮಾಡುವ ದುಆವನ್ನು ತಿಳಿಸುತ್ತದೆ. ತನಗೂ ತಂದೆ-ತಾಯಿಗೂ ಸಿಕ್ಕ ಅನುಗ್ರಹಕ್ಕೆ ಶುಕ್ರ್ ಸಲ್ಲಿಸುವ ಭಾಗ್ಯ ಬೇಕು, ತನ್ನ ಮಕ್ಕಳೂ ಒಳ್ಳೆಯವರಾಗಬೇಕು ಎಂಬ ಎರಡು ಬೇಡಿಕೆಗಳು ಆ ಒಂದೇ ದುಆದಲ್ಲಿವೆ. ಅವೆರಡನ್ನು ನಾವು ಬೇರೆ ಬೇರೆ ಮಾಡಿಕೊಂಡಿದ್ದೇವೆ. ಮಕ್ಕಳು ಸಾಲಿಹ್ ಆಗಲಿ ಎಂದು ಮದ್ರಸಕ್ಕೆ ಕಳಿಸುತ್ತೇವೆ. ಮನೆಯಲ್ಲಿ ಅವರು ನೋಡುವುದು ನಮ್ಮನ್ನು.

ಗಲ್ಫಿನಿಂದ ಹಣ ಕಳಿಸುವುದು, ಉಮ್ರಾ ಮಾಡಿಸುವುದು ಎಲ್ಲ ಒಳ್ಳೆಯದೇ. ಆದರೆ ಸ್ಟೇಟಸ್‌ನಲ್ಲಿ ತಾಯಿಯ ಮಹಿಮೆ ಹಾಕುವ ನಾವು, ಪಕ್ಕದ ಕೋಣೆಯಲ್ಲಿ ಒಬ್ಬರೇ ಕೂತ ಉಮ್ಮನಿಗೆ ದಿನಕ್ಕೆ ಹತ್ತು ನಿಮಿಷ ಕೊಡುತ್ತೇವೆಯೇ? ಬಾಪ ಈಗಿಲ್ಲ. ಅವರ ಖಬರ್ ಬಳಿ ನಿಂತು ದುಆ ಮಾಡಬಲ್ಲೆ. ಅವರ ಜೊತೆ ಕೂತು ಒಂದು ಚಾ ಕುಡಿಯಲಾರೆ.

ಅಂದು ರಾತ್ರಿ ಮಗನನ್ನೂ ಕರೆದುಕೊಂಡು ಹೋಗಿ ಉಮ್ಮನಲ್ಲಿ ಕ್ಷಮೆ ಕೇಳಿದೆ. "ಅದೆಲ್ಲ ನನಗೆಲ್ಲಿ ನೆನಪು ಮೋನೇ? ಸಣ್ಣವಳು ಉಂಡಳಾ?" ಎಂದರು.

"ಉಂಡಳು ಉಮ್ಮಾ" ಎಂದೆ.

ಉಮ್ಮ, ಬಾಪ ಇರುವವರು ಈ ಪುಟ ಮಡಚಿಟ್ಟು ಅವರ ಹತ್ತಿರ ಹೋಗಿ ಕೂರಿ. ದೂರದಲ್ಲಿದ್ದರೆ ಒಂದು ಫೋನ್ ಮಾಡಿ. ನಿಮ್ಮ ಮಕ್ಕಳು ನೋಡುತ್ತಿರಲಿ.