ಮೂಗಿಗಿಂತ ಮೂಗುತಿ ಭಾರ

ಫಸ್ಟ್ ಸರ್ವಿಸ್ ಫ್ರೀ ಅಂತಾರೆ. ಫ್ರೀ ಇರೋದು ಕೂಲಿ ಮಾತ್ರ, ಆಯಿಲ್‌ಗೆ ದುಡ್ಡು ಬಿಚ್ಚಲೇಬೇಕು. ಊರಲ್ಲಿ ಡೈರಿಗೆ ಹಾಲು ಹಾಕೋ ನನ್ನ ತಮ್ಮನ ಹೊಸ 100 ಸಿಸಿ ಬೈಕನ್ನು ಬಿಡಲು ಹೋಗಿದ್ದೆವು. "ಸಿಂಥೆಟಿಕ್ ಹಾಕ್ಸಿಬಿಡಿ ಸಾರ್, ಇಲ್ಲಾಂದ್ರೆ ಇಂಜಿನ್ ಬಾಳಿಕೆ ಬರಲ್ಲ" ಅಂದ ಅಡ್ವೈಸರ್. ಬೆಲೆ ಎರಡು ಪಟ್ಟು. ಸೀಟಿನಡಿಯ ಮ್ಯಾನ್ಯುಯಲ್ ತೆಗೆದು ತೋರಿಸಿದೆ: 10ಡಬ್ಲ್ಯೂ-30, ಜಾಸೋ ಎಂಎ, ಅಷ್ಟೇ. ಸಿಂಥೆಟಿಕ್ ಅನ್ನೋ ಪದವೇ ಇಲ್ಲ!

ನಾನೇನು ಸಿಂಥೆಟಿಕ್ ವಿರೋಧಿಯಲ್ಲ. ಬಿಸಿಯನ್ನು ಅದು ಚೆನ್ನಾಗಿ ತಡೆಯುತ್ತೆ; ದಿನವಿಡೀ ಹೈವೇಯಲ್ಲಿ ಓಡಿಸೋರು ಹಾಕಿಸಲಿ. ಆದರೆ ಹೊಸ ಇಂಜಿನ್‌ನಲ್ಲಿ ರಿಂಗು, ಗೇರುಗಳು ಉಜ್ಜಿಕೊಂಡು ಹೊಂದಿಕೊಳ್ಳುವಾಗ ಲೋಹದ ಪುಡಿ ಆಯಿಲ್‌ಗೆ ಇಳಿಯುತ್ತೆ. ಅದನ್ನು ಹೊತ್ತಿಗೆ ಸರಿಯಾಗಿ ಹೊರಹಾಕೋದೇ ಫಸ್ಟ್ ಸರ್ವಿಸ್‌ನ ಮುಖ್ಯ ಕೆಲಸ. ಇನ್ನು ಎಂಎ ಗುರುತಿಲ್ಲದ ಕಾರಿನ ಆಯಿಲ್ ಸುರಿದರೆ, ಎಷ್ಟೇ ದುಬಾರಿ ಸಿಂಥೆಟಿಕ್ ಆಗಿರಲಿ, ಕ್ಲಚ್ಚೇ ಜಾರಬಹುದು.

ನನ್ನ ಸಿಟ್ಟು ಆಯಿಲ್ ಮೇಲಲ್ಲ. ಹಾಲಿನ ದುಡ್ಡಲ್ಲಿ ಕಂತು ಕಟ್ಟುವವನನ್ನು ಹೆದರಿಸಿ ಮಾರ್ತಾರಲ್ಲ, ಅದರ ಮೇಲೆ. ಬಿಇ ಓದಿದ ನಾನೇ ನನ್ನ ಮೊದಲ ಬೈಕಿಗೆ ಏನೂ ಕೇಳದೆ ಹೂಂ ಅಂದಿದ್ದೆ. ನೀವು ಅನ್ನಬೇಡಿ. ಮ್ಯಾನ್ಯುಯಲ್ ಓದಿ, ಗ್ರೇಡ್ ಕೇಳಿ, ಕಣ್ಣೆದುರೇ ಹಾಕಿಸಿಕೊಳ್ಳಿ.