ಲಗ್ನಪತ್ರಿಕೆ ಅಚ್ಚಾಗುವ ಮೊದಲು ವಕೀಲರ ಬಾಗಿಲು ತಟ್ಟಿ



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದರು ನಮ್ಮ ಹಿರಿಯರು. ಅಮೆರಿಕದಲ್ಲಿ ಬಂದು ಕೂತ ನಮ್ಮಂಥವರು ಇದಕ್ಕೆ ಇನ್ನೊಂದು ಮಾತು ಸೇರಿಸಿಕೊಳ್ಳಬೇಕಾಗಿದೆ: ಹೆಂಡತಿಗೆ ವೀಸಾ ಮಾಡಿಸಿ ನೋಡು!

ನಮ್ಮ ಬಳಗದ ಗೆಳೆಯರೊಬ್ಬರ ಕತೆ ಇದು. ಹೆಸರು ಬೇಡ. ಹಾಸನದ ಕಡೆಯವರು. 2004ರ ಆರಂಭದಲ್ಲೇ ಹೆಣ್ಣು ನೋಡಿ ಮಾತುಕತೆ ಮುಗಿದಿತ್ತು. "ಹೇಗಿದ್ದರೂ ಗ್ರೀನ್ ಕಾರ್ಡ್ ಈ ವರ್ಷ ಬರುತ್ತೆ, ಬಂದ ಮೇಲೆ ನಿಶ್ಚಿಂತೆಯಾಗಿ ಮದುವೆ ಮಾಡೋಣ" ಎಂದು ಎರಡೂ ಮನೆಯ ಹಿರಿಯರು ಒಪ್ಪಿಕೊಂಡರು. ಜೂನ್ ತಿಂಗಳಲ್ಲಿ ಕಾರ್ಡ್ ಬಂತು. ಆಗಸ್ಟ್‌ನಲ್ಲಿ ಮದುವೆ ಆಯಿತು. ಮೂರು ವಾರ ರಜೆ ಮುಗಿಸಿ ಗೆಳೆಯರು ವಾಪಸು ಬಂದರು, ಹೆಂಡತಿ ಮಾತ್ರ ತವರಿನಲ್ಲೇ ಉಳಿದರು. ಒಂದೆರಡು ತಿಂಗಳಲ್ಲ, ಸುಮಾರು ನಾಲ್ಕು ವರ್ಷ!

ಅವರು ಮಾಡಿದ ತಪ್ಪೇನು? ಮದುವೆ ಜೂನ್‌ಗೆ ಮೊದಲು ಆಗಿದ್ದರೆ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಿದ್ದರೆ, ಗಂಡನ ಉದ್ಯೋಗದ ಅರ್ಜಿಗೆ ಇದ್ದ ದಿನಾಂಕವೇ ಹೆಂಡತಿಗೂ ಸಿಗುತ್ತಿತ್ತು. ಗ್ರೀನ್ ಕಾರ್ಡ್ ಆದ ಮೇಲೆ ಮದುವೆಯಾದ್ದರಿಂದ ಆಕೆ ಎಫ್-2ಎ ಎಂಬ ಬೇರೆಯೇ ಸಾಲಿನ ಕೊನೆಯಲ್ಲಿ ನಿಲ್ಲಬೇಕಾಯಿತು. ಗಂಡನ ಎಚ್-1ಬಿ ಗ್ರೀನ್ ಕಾರ್ಡಿನ ಜೊತೆಗೇ ಮುಗಿದುಹೋದ್ದರಿಂದ ಎಚ್-4 ಬಾಗಿಲೂ ಮುಚ್ಚಿತ್ತು. ಜಾತಕ ಕೂಡಿಸಿದ್ದರು, ಗೋತ್ರ ಕೇಳಿದ್ದರು, ಛತ್ರಕ್ಕೆ ಆರು ತಿಂಗಳು ಮುಂಚೆ ಮುಂಗಡ ಕೊಟ್ಟಿದ್ದರು. ಒಬ್ಬ ವಕೀಲರ ಹತ್ತಿರ ಅರ್ಧ ಗಂಟೆ ಕೂತು ಕೇಳಿದ್ದರೆ ತಪ್ಪುತ್ತಿದ್ದ ನಾಲ್ಕು ವರ್ಷದ ಅಗಲಿಕೆ ಇದು. ಅಷ್ಟೊಂದು ಜನ ಹಿರಿಯರಲ್ಲಿ ಒಬ್ಬರಿಗೂ ಅದು ಹೊಳೆಯಲಿಲ್ಲ.

ಆದ್ದರಿಂದ ಈ ಸಲದ ಸಂಪಾದಕೀಯದಲ್ಲಿ ನಾವು ಹೇಳಬೇಕೆಂದಿರುವುದು ಎರಡೇ ಮಾತು. ವಕೀಲರ ಹತ್ತಿರ ಮುಹೂರ್ತಕ್ಕೆ ಮೊದಲು ಹೋಗಿ. ಮತ್ತು ಇಬ್ಬರೂ ಹೋಗಿ.

ಯಾವ ಬಾಗಿಲು ನಿಮ್ಮದು?

ಗಂಡ ಅಥವಾ ಹೆಂಡತಿಯನ್ನು ಅಮೆರಿಕಕ್ಕೆ ಕರೆಸಿಕೊಳ್ಳಲು ನಮ್ಮವರು ಹೆಚ್ಚಾಗಿ ಬಳಸುವ ಬಾಗಿಲು ಮೂರು. ಎಚ್-1ಬಿ ಮೇಲಿರುವವರ ಬಾಳಸಂಗಾತಿಗೆ ಎಚ್-4. ಗ್ರೀನ್ ಕಾರ್ಡ್ ಇರುವವರು ಐ-130 ಅರ್ಜಿ ಹಾಕಿ ಎಫ್-2ಎ ಸಾಲಿನಲ್ಲಿ ಕಾಯಬೇಕು. ಅಮೆರಿಕದ ಪೌರರಾದವರಿಗೂ ಐ-130 ಅರ್ಜಿಯೇ, ಆದರೆ ವರ್ಷಕ್ಕೆ ಇಷ್ಟೇ ಎಂಬ ಮಿತಿ ಅವರ ಸಂಗಾತಿಗೆ ಇಲ್ಲ.

ಎಫ್-2ಎ ಸಾಲು ಒಂದೇ ಸಮ ಇರುವುದಿಲ್ಲ. 2019ರ ಜುಲೈನಿಂದ ಹಲವು ವರ್ಷ ಅಲ್ಲಿ ಕಾಯುವ ಪ್ರಮೇಯವೇ ಇರಲಿಲ್ಲ. 2023ರ ಏಪ್ರಿಲ್‌ನಲ್ಲಿ ದಿನಾಂಕ ಮತ್ತೆ ಹಿಂದೆ ಸರಿಯಿತು. "ನಮ್ಮ ಭಾವನ ಹೆಂಡತಿ ಒಂದೇ ವರ್ಷದಲ್ಲಿ ಬಂದರಲ್ಲ" ಎಂದು ನೆಂಟರು ಹೇಳುವ ಲೆಕ್ಕ ನಿಮ್ಮ ವರ್ಷಕ್ಕೆ ಹೊಂದಬೇಕೆಂದಿಲ್ಲ. ವಿದೇಶಾಂಗ ಇಲಾಖೆ ಪ್ರತಿ ತಿಂಗಳೂ ವೀಸಾ ಬುಲೆಟಿನ್ ಹೊರಡಿಸುತ್ತದೆ. ಪಂಚಾಂಗ ನೋಡುವ ಹಾಗೆ ಅದನ್ನೂ ನೋಡುವ ಅಭ್ಯಾಸ ಮಾಡಿಕೊಳ್ಳಿ.

ವಕೀಲರು ಯಾವಾಗ ಬೇಕು, ಯಾವಾಗ ಬೇಡ?

ಎಲ್ಲದಕ್ಕೂ ವಕೀಲರೇ ಬೇಕೆಂದು ನಾವು ಹೇಳುತ್ತಿಲ್ಲ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ? ಗಂಡನ ಎಚ್-1ಬಿ ಸರಿಯಾಗಿದ್ದು, ಹೆಂಡತಿ ಊರಿನಲ್ಲೇ ಇದ್ದು, ಹಿಂದೆಂದೂ ವೀಸಾ ತಿರಸ್ಕಾರವಾಗಿಲ್ಲದಿದ್ದರೆ, ಡಿಎಸ್-160 ಫಾರಂ ತುಂಬಿ ಎಚ್-4 ಸಂದರ್ಶನಕ್ಕೆ ಹೋಗುವ ಕೆಲಸವನ್ನು ವಿದ್ಯಾವಂತರು ತಾವೇ ಮಾಡಿಕೊಳ್ಳಬಹುದು. ಅದಕ್ಕೆ ಸಾವಿರಗಟ್ಟಲೆ ಡಾಲರ್ ಸುರಿಯಬೇಕಿಲ್ಲ.

ಆದರೆ ಈ ಕೆಳಗಿನ ಯಾವುದಾದರೂ ಒಂದಿದ್ದರೆ ವಕೀಲರಿಲ್ಲದೆ ಹೆಜ್ಜೆ ಇಡಬೇಡಿ. ಮದುವೆ ಮತ್ತು ಗ್ರೀನ್ ಕಾರ್ಡ್ ಹತ್ತಿರ ಹತ್ತಿರ ಬರುತ್ತಿದ್ದರೆ. ಇಬ್ಬರಲ್ಲಿ ಒಬ್ಬರಿಗೆ ಹಿಂದೆ ಮದುವೆಯಾಗಿ ವಿಚ್ಛೇದನವಾಗಿದ್ದರೆ. ಅವಧಿ ಮೀರಿ ಅಮೆರಿಕದಲ್ಲಿ ಉಳಿದ ದಿನಗಳಿದ್ದರೆ. ಎಂದಾದರೂ ಪೊಲೀಸರು ಬಂಧಿಸಿದ್ದರೆ, ಕೇಸು ವಜಾ ಆಗಿದ್ದರೂ ಸರಿ. ಹಿಂದಿನ ಅರ್ಜಿಯಲ್ಲಿ ಬರೆದದ್ದಕ್ಕೂ ಈಗ ಬರೆಯಬೇಕಾದ್ದಕ್ಕೂ ತಾಳೆಯಾಗದಿದ್ದರೆ.

ಇನ್ನೊಂದು ಅಡ್ಡದಾರಿಯ ಬಗ್ಗೆ ಎಚ್ಚರ. "ಸುಮ್ಮನೆ ಟೂರಿಸ್ಟ್ ವೀಸಾದಲ್ಲಿ ಕರಕೊಂಡು ಬಾ, ಆಮೇಲೆ ನೋಡೋಣ" ಎಂದು ಪಾಟ್‌ಲಕ್ ಊಟದಲ್ಲಿ ಸಲಹೆ ಕೊಡುವವರು ಬಹಳ. ಇಲ್ಲೇ ನೆಲೆಸುವ ಉದ್ದೇಶವನ್ನು ಅಧಿಕಾರಿಯ ಮುಂದೆ ಮರೆಮಾಚಿದ್ದು ಸುಳ್ಳು ಹೇಳಿಕೆ ಎಂದು ತೀರ್ಮಾನವಾದರೆ, ಆಕೆಗೆ ಅಮೆರಿಕದ ಬಾಗಿಲು ಜೀವನಪೂರ್ತಿ ಮುಚ್ಚಬಹುದು. ಸಲಹೆ ಕೊಟ್ಟವರು ಆ ಹೊತ್ತಿಗೆ ಮುಂದಿನ ಪಾಟ್‌ಲಕ್‌ನಲ್ಲಿರುತ್ತಾರೆ!

ಕಂಪನಿಯ ವಕೀಲರು ಯಾರ ವಕೀಲರು?

"ನಮ್ಮ ಕಂಪನಿಯಲ್ಲೇ ಲಾಯರ್ ಇದಾರೆ, ಎಲ್ಲ ಅವರೇ ನೋಡ್ಕೋತಾರೆ" ಎಂಬುದು ನಮ್ಮ ಹುಡುಗರ ನೆಚ್ಚಿನ ಮಾತು. ಗೆಳೆಯರೇ, ಆ ವಕೀಲರಿಗೆ ಹಣ ಕೊಡುವುದು ಕಂಪನಿ. ನಿಮ್ಮ ಎಚ್-1ಬಿ ಅವರ ಮುಖ್ಯ ಕೆಲಸ. ನಿಮ್ಮ ಹೆಂಡತಿಯ ಎಚ್-4 ಅದರ ಬಾಲಂಗೋಚಿ. ಎಷ್ಟೋ ಕಡೆ ಅದು ಒಪ್ಪಂದದಲ್ಲೇ ಇರುವುದಿಲ್ಲ.

ಇದು ಎಲ್ಲಿ ಕಚ್ಚುತ್ತದೆ ನೋಡಿ. ವಿಮಾನ ನಿಲ್ದಾಣದಲ್ಲಿ ಕೊಡುವ ಐ-94 ಅವಧಿಯನ್ನು ಪಾಸ್‌ಪೋರ್ಟ್ ಮುಗಿಯುವ ದಿನಕ್ಕೇ ನಿಲ್ಲಿಸುವುದುಂಟು. ನಮಗೆ ತಿಳಿದ ಒಂದು ಸಂಸಾರದಲ್ಲಿ ಗಂಡನ ಐ-94 ಪೂರಾ ಇತ್ತು. ಹೆಂಡತಿಯ ಪಾಸ್‌ಪೋರ್ಟ್ ಬೇಗ ಮುಗಿಯುವುದಿದ್ದುದರಿಂದ ಆಕೆಯದು ಹತ್ತು ತಿಂಗಳು ಮೊದಲೇ ಮುಗಿಯಿತು. ಪಾಸ್‌ಪೋರ್ಟ್ ನವೀಕರಿಸಿದರು, ಆದರೆ ಐ-94 ವಿಸ್ತರಿಸಲು ಐ-539 ಹಾಕಬೇಕೆಂದು ಯಾರೂ ಹೇಳಲಿಲ್ಲ. ಕಂಪನಿಯ ವಕೀಲರನ್ನು ಕೇಳಿದರೆ "ಅವರ ದಾಖಲೆ ನಮಗೆ ಬಂದೇ ಇಲ್ಲ" ಎಂಬ ಉತ್ತರ ಬಂತು. ಅದು ನಿಜವೂ ಹೌದು. ಆಕೆಯ ದಾಖಲೆಗೆ ದಿಕ್ಕಾಗಿ ಯಾರೂ ಇರಲಿಲ್ಲ ಎಂಬುದೇ ಅಲ್ಲಿನ ತಪ್ಪು.

ಆದ್ದರಿಂದಲೇ ನಾವು "ಇಬ್ಬರೂ ಹೋಗಿ" ಎಂದದ್ದು. ವಕೀಲರು ಯಾರ ಪರ ಎಂಬುದನ್ನು ತೋರಿಸುವ ಫಾರಂ ಜಿ-28. ಅದರಲ್ಲಿ ಆಕೆಯ ಹೆಸರು ಇದೆಯೇ ನೋಡಿ. ಅರ್ಜಿಯ ರಸೀದಿ, ಐ-94, ಮಂಜೂರಾತಿ ಪತ್ರ, ಎಲ್ಲದರ ಪ್ರತಿ ಆಕೆಯ ಸ್ವಂತ ಮೇಲ್‌ಗೆ ಬರಬೇಕು. ಬಿ.ಇ., ಎಂ.ಎಸ್ಸಿ. ಓದಿದ ನಮ್ಮ ಹೆಣ್ಣುಮಕ್ಕಳು "ಇಲ್ಲಿ ಸೈನ್ ಹಾಕು" ಎಂದ ಕಡೆ ಓದದೆ ಸಹಿ ಹಾಕುವುದು ಯಾರಿಗೂ ಶೋಭೆಯಲ್ಲ. ಎಚ್-4ನಲ್ಲಿ ಎಲ್ಲರಿಗೂ ಕೆಲಸದ ಅನುಮತಿ ಇಲ್ಲ. 2015ರ ಮೇ 26ರಿಂದ ಜಾರಿಗೆ ಬಂದ ನಿಯಮದಂತೆ, ಗಂಡನ ಐ-140 ಮಂಜೂರಾಗಿರುವುದು ಮುಂತಾದ ಷರತ್ತು ಪೂರೈಸಿದವರಿಗೆ ಮಾತ್ರ ಆ ಅವಕಾಶ. ಕೆಲಸ ಬಿಟ್ಟು ಬರುವ ಹುಡುಗಿಗೆ ಇದು ಮದುವೆಗೆ ಮೊದಲೇ ತಿಳಿದಿರಬೇಕು.

ಕಹಿಯಾದರೂ ಇದನ್ನೂ ಹೇಳಲೇಬೇಕು. ಸಂಸಾರದಲ್ಲಿ ಹಿಂಸೆ ಶುರುವಾದಾಗ "ನಿನ್ನ ವೀಸಾ ನನ್ನ ಕೈಯಲ್ಲಿದೆ" ಎಂಬ ಬೆದರಿಕೆ ಮೊದಲು ಬರುತ್ತದೆ. ಅದು ಪೂರ್ತಿ ನಿಜವಲ್ಲ. ಪೌರರ ಅಥವಾ ಗ್ರೀನ್ ಕಾರ್ಡ್ ಇರುವವರ ಸಂಗಾತಿ ಹಿಂಸೆಗೆ ಒಳಗಾದರೆ, ಗಂಡನ ಸಹಿಯಿಲ್ಲದೆ ತಾನೇ ಅರ್ಜಿ ಹಾಕಲು ಕಾನೂನಿನಲ್ಲಿ ದಾರಿಯಿದೆ. ಎಚ್-4ನವರಿಗೂ ಅಂಥ ಸ್ಥಿತಿಯಲ್ಲಿ ಕೆಲಸದ ಅನುಮತಿ ಕೇಳುವ ಅವಕಾಶವಿದೆ. ನ್ಯೂಜೆರ್ಸಿಯ ಮಾನವಿ, ನ್ಯೂಯಾರ್ಕಿನ ಸಖಿ, ಕ್ಯಾಲಿಫೋರ್ನಿಯಾದ ಮೈತ್ರಿಯಂಥ ಸಂಸ್ಥೆಗಳು ನಮ್ಮ ದಕ್ಷಿಣ ಏಷ್ಯಾದ ಹೆಣ್ಣುಮಕ್ಕಳಿಗಾಗಿಯೇ ಹುಟ್ಟಿದವು.

ವಕೀಲರನ್ನು ಆರಿಸುವಾಗ

ಅಮೆರಿಕದ ಯಾವುದೇ ರಾಜ್ಯದ ಬಾರ್‌ನಲ್ಲಿ ಪರವಾನಗಿ ಇರುವ ವಕೀಲರು ವಲಸೆ ಕಾನೂನಿನ ಕೇಸನ್ನು ದೇಶದ ಎಲ್ಲ ಕಡೆಯವರಿಗೂ ಮಾಡಿಕೊಡಬಹುದು, ಏಕೆಂದರೆ ಅದು ಕೇಂದ್ರದ ಕಾನೂನು. ಹೆಸರು ಕೊಟ್ಟರೆ ಆ ರಾಜ್ಯದ ಬಾರ್‌ನ ತಾಣದಲ್ಲೇ ಪರವಾನಗಿ ಪರೀಕ್ಷಿಸಬಹುದು, ಐದು ನಿಮಿಷದ ಕೆಲಸ. ನೋಟರಿಗಳು, "ವೀಸಾ ಕನ್ಸಲ್ಟೆಂಟ್" ಎಂಬ ಬೋರ್ಡು ಹಾಕಿದವರು ವಕೀಲರಲ್ಲ. ನ್ಯಾಯ ಇಲಾಖೆಯ ಮಾನ್ಯತೆ ಪಡೆದ ಪ್ರತಿನಿಧಿಗಳು ಬೇರೆ, ಅವರು ಮಾನ್ಯತೆ ಪಡೆದ ಸೇವಾ ಸಂಸ್ಥೆಗಳಲ್ಲಿ ಕೆಲಸ ಮಾಡುತ್ತಾರೆ.

ಒಪ್ಪಂದ ಬರವಣಿಗೆಯಲ್ಲಿರಲಿ. ಒಟ್ಟು ಶುಲ್ಕವೋ, ಗಂಟೆಯ ಲೆಕ್ಕವೋ? ಸರ್ಕಾರ ಹೆಚ್ಚಿನ ದಾಖಲೆ ಕೇಳಿದರೆ ಉತ್ತರಿಸುವುದಕ್ಕೆ ಬೇರೆ ಹಣವೇ? ಸರ್ಕಾರಿ ಶುಲ್ಕ ಅದರಲ್ಲಿ ಸೇರಿದೆಯೇ? 2024ರ ಏಪ್ರಿಲ್ 1ರಂದು ಜಾರಿಗೆ ಬಂದ ಪಟ್ಟಿಯಲ್ಲಿ ಐ-130ಕ್ಕೆ ಕಾಗದದಲ್ಲಿ 675 ಡಾಲರ್, ಆನ್‌ಲೈನ್‌ನಲ್ಲಿ 625 ಡಾಲರ್ ನಿಗದಿಯಾಗಿತ್ತು. ಅರ್ಜಿ ಹಾಕುವ ದಿನದ ಶುಲ್ಕವನ್ನು ನೀವೇ ಸರ್ಕಾರಿ ತಾಣದಲ್ಲಿ ನೋಡಿಕೊಂಡರೆ ಬಿಲ್ಲು ಅರ್ಥವಾಗುತ್ತದೆ.

"ಗ್ಯಾರಂಟಿ ಕೊಡಿಸ್ತೀನಿ" ಎಂದವರ ಕುರ್ಚಿಯಿಂದ ಎದ್ದು ಬನ್ನಿ. ಕಾನ್ಸುಲೇಟಿನ ಅಧಿಕಾರಿಯ ತೀರ್ಮಾನದ ಮೇಲೆ ಯಾವ ವಕೀಲರಿಗೂ ಹಿಡಿತವಿಲ್ಲ. ಲಾಸ್ ಏಂಜಲೀಸ್‌ನ ಮುನ್ಯೋಸ್ ಎಂಬಾಕೆ ಅಮೆರಿಕದ ಪೌರಳು, ಸ್ವತಃ ಕಾನೂನು ಓದಿದವರು. ಎಲ್ ಸಾಲ್ವಡಾರ್‌ನ ಗಂಡನಿಗೆ ವೀಸಾ ನಿರಾಕರಣೆಯಾದಾಗ ಅವರು ಸುಪ್ರೀಂ ಕೋರ್ಟಿನವರೆಗೂ ಹೋದರು. 2024ರ ಜೂನ್ 21ರಂದು ಕೋರ್ಟು ಹೇಳಿದ್ದೇನು? ವಿದೇಶಿ ಸಂಗಾತಿಯನ್ನು ದೇಶದೊಳಗೆ ಬಿಟ್ಟುಕೊಳ್ಳಬೇಕೆಂದು ಕೇಳುವ ಮೂಲಭೂತ ಹಕ್ಕು ಪೌರರಿಗೂ ಇಲ್ಲ! ಪೌರರ ಪಾಡೇ ಹೀಗಿರುವಾಗ ಮೊದಲ ಅರ್ಜಿಯನ್ನೇ ನಿಜವಾಗಿ, ತಪ್ಪಿಲ್ಲದೆ ಬರೆಯುವುದೊಂದೇ ನಮಗಿರುವ ಬಲ. ಒಳ್ಳೆಯ ವಕೀಲರಿಗೆ ಹಣ ಕೊಡುವುದು ಅದಕ್ಕಾಗಿ.

ನಮ್ಮ ಹೆಸರು, ನಮ್ಮ ಕಾಗದ

ಕನ್ನಡಿಗರಿಗೆ ಎರಡು ವಿಶೇಷ ತೊಡಕುಗಳಿವೆ. ಮೊದಲನೆಯದು ಹೆಸರು. ಊರು, ತಂದೆ, ತಾತ ಎಲ್ಲರನ್ನೂ ಇನಿಷಿಯಲ್ಲಿನಲ್ಲಿ ಹೊತ್ತು ತಿರುಗುವವರು ನಾವು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು, ಲಗ್ನಪತ್ರಿಕೆಯಲ್ಲಿ ಮತ್ತೊಂದು! ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು", ಅಂದರೆ ಮೊದಲ ಹೆಸರು ಗೊತ್ತಿಲ್ಲ ಎಂದು ಅಚ್ಚಾಗುತ್ತದೆ. ಆಮೇಲೆ ಡ್ರೈವಿಂಗ್ ಲೈಸೆನ್ಸಿನವರೆಗೂ ಅದೇ ಬೆನ್ನು ಹತ್ತುತ್ತದೆ. ಮದುವೆ ನೋಂದಣಿಗೆ ಮೊದಲೇ ಎಲ್ಲ ಕಾಗದಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮದುವೆಯಾದ ತಕ್ಷಣ ಹೆಂಡತಿ ಹೆಸರು ಬದಲಾಯಿಸಲೇಬೇಕೆಂಬ ನಿಯಮ ವೀಸಾದಲ್ಲಿ ಇಲ್ಲ.

ಎರಡನೆಯದು ಭಾಷೆ. ಕನ್ನಡದಲ್ಲಿರುವ ದಾಖಲೆಯನ್ನು ಅಮೆರಿಕದ ವಲಸೆ ಇಲಾಖೆಗೆ ಕೊಡುವಾಗ ಪೂರ್ತಿ ಇಂಗ್ಲಿಷ್ ಅನುವಾದ ಲಗತ್ತಿಸಬೇಕು. ಅನುವಾದಕರು ತಮಗೆ ಎರಡೂ ಭಾಷೆ ಬರುತ್ತದೆ, ಅನುವಾದ ಸರಿಯಾಗಿದೆ ಎಂದು ಬರೆದು ಸಹಿ ಹಾಕಿದರೆ ಸಾಕು. ಎರಡೂ ಭಾಷೆ ಚೆನ್ನಾಗಿ ಬಲ್ಲ ಕನ್ನಡಿಗರೊಬ್ಬರು ಸಂಜೆ ಕೂತು ಮಾಡಬಹುದಾದ ಕೆಲಸಕ್ಕೆ ನಮ್ಮವರು ದುಬಾರಿ ಹಣ ತೆರುತ್ತಿದ್ದಾರೆ.

ಕನ್ನಡ ಕೂಟಗಳಿಗೆ ಒಂದು ಕೋರಿಕೆ

ನಿಯಮಗಳು ಬೇಗ ಬೇಗ ಬದಲಾಗುತ್ತಿವೆ. 2025ರ ಸೆಪ್ಟೆಂಬರ್‌ನಲ್ಲಿ ಸಂದರ್ಶನದ ವಿನಾಯಿತಿ ಬಹುಪಾಲು ನಿಂತಿತು. ಡಿಸೆಂಬರ್ 15ರಿಂದ ಎಚ್-1ಬಿ, ಎಚ್-4 ಅರ್ಜಿದಾರರ ಸಾಮಾಜಿಕ ಜಾಲತಾಣಗಳ ತಪಾಸಣೆ ಶುರುವಾಗಿ, ಭಾರತದಲ್ಲಿ ಎಷ್ಟೋ ಜನರ ಸಂದರ್ಶನ ತಿಂಗಳುಗಟ್ಟಲೆ ಮುಂದಕ್ಕೆ ಹೋಯಿತು. ಮದುವೆಗೆಂದು ಊರಿಗೆ ಹೋದವರು ಅಲ್ಲೇ ಸಿಕ್ಕಿಕೊಂಡರು. ಇಂಥ ಹೊತ್ತಿನಲ್ಲಿ ಒಂಟಿಯಾಗಿ ಗೂಗಲ್ ಹುಡುಕುತ್ತಾ ಕೂರುವುದಕ್ಕಿಂತ ಒಟ್ಟಿಗೆ ತಿಳಿದುಕೊಳ್ಳುವುದು ಮೇಲಲ್ಲವೇ?

ಯುಗಾದಿ, ರಾಜ್ಯೋತ್ಸವಗಳಲ್ಲಿ ಹೋಳಿಗೆ ಊಟ ಇರಲಿ, ಮಕ್ಕಳ ಕುಣಿತ ಇರಲಿ. ಅದರ ಜೊತೆಗೆ ಒಂದು ಗಂಟೆ ಪರವಾನಗಿ ಇರುವ ವಕೀಲರೊಬ್ಬರನ್ನು ಕರೆಸಿ ಕೂರಿಸಿ. ಪಕ್ಕದಲ್ಲಿ ಕನ್ನಡ ದಾಖಲೆ ಅನುವಾದಿಸಿಕೊಡುವ ಇಬ್ಬರು ಸ್ವಯಂಸೇವಕರಿರಲಿ. ಹೊಸದಾಗಿ ಬಂದ ಹೆಣ್ಣುಮಕ್ಕಳು ಗಂಡಂದಿರಿಲ್ಲದೆ ಬಂದು ಕೇಳಲು ಒಂದು ಬೇರೆ ಕೋಣೆ ಇರಲಿ. ಅಕ್ಕ, ನಾವಿಕ ಸಮ್ಮೇಳನಗಳ ಕಾರ್ಯಕ್ರಮ ಪಟ್ಟಿಯಲ್ಲೂ ಇದಕ್ಕೆ ಜಾಗ ಸಿಗಲಿ. ಕನ್ನಡದ ಕೆಲಸವೆಂದರೆ ಕನ್ನಡದ ಸಂಸಾರಗಳನ್ನು ಕಾಯುವುದೂ ಹೌದು.

ಹಾಸನದ ನಮ್ಮ ಗೆಳೆಯರ ಮಗಳಿಗೆ ಈಗ ಹೈಸ್ಕೂಲು. ಮೊನ್ನೆ ಮನೆಗೆ ಹೋದಾಗ ಅವರ ಹೆಂಡತಿ ಕಾಫಿ ಕೊಡುತ್ತಾ ಒಂದು ಮಾತು ಹೇಳಿದರು: "ನಾಲ್ಕು ವರ್ಷ ಕಾದೆ ಅಂತ ಬೇಜಾರಿಲ್ಲ ಅಣ್ಣ. ಯಾಕೆ ಕಾಯ್ತಿದೀನಿ ಅಂತ ಯಾರೂ ನನಗೆ ಬಿಡಿಸಿ ಹೇಳಲೇ ಇಲ್ಲವಲ್ಲ, ಅದಕ್ಕೆ ಬೇಜಾರು."

ನಿಮ್ಮ ಮನೆಗೆ ಬರಲಿರುವ ಹುಡುಗಿಗೆ ಇದನ್ನು ಇಂದೇ ಬಿಡಿಸಿ ಹೇಳಿ. ಮದುವೆಯ ಮಾತುಕತೆ ನಡೆಯುತ್ತಿರುವ ಮನೆಗಳಿಗೆ ಈ ಪತ್ರವನ್ನು ಕಳಿಸಿಕೊಡಿ.

ಜೈ ಕರ್ನಾಟಕ!
ಸಂಪಾದಕ ಬಳಗ